ಮೊದಲು ವರ್ಕ್‌ಶಾಪ್, ಆಮೇಲೆ ಪಾಲಿಕೆ

ಚಿರಂಜೀವಿ ಸೋದರಳಿಯನಿಗೆ ಆಶೀರ್ವಾದಗಳು.

ಜರ್ಮನಿಯ ಡಾರ್ಟ್‌ಮುಂಡ್‌ನಲ್ಲಿ ಎಲೆಕ್ಟ್ರಿಷಿಯನ್ ಪರೀಕ್ಷೆ ಪಾಸಾಗಿ ಗೆಸೆಲ್ಲೆ, ಅಂದರೆ ಕಸುಬು ಕಲಿತು ಮುಗಿಸಿದ ಕುಶಲಕರ್ಮಿ, ಆದೆ, ಇನ್ನು ಪಾಲಿಕೆ ಚುನಾವಣೆಗೆ ನಿಲ್ಲಬೇಕು ಎಂದು ಬರೆದಿದ್ದೀಯ. ಆಗಲಿ. ಆದರೆ ಪಕ್ಷದ ಕಚೇರಿಗೆ ಓಡುವ ಮೊದಲು ಕೆಲಸದ ಜಾಗದಲ್ಲೇ ಬೇರು ಬಿಡು. ಕುದುರೆ ಜೀನು ಮಾಡುವ ಕಸುಬು ಕಲಿತಿದ್ದ ಫ್ರೀಡ್ರಿಶ್ ಎಬರ್ಟ್ 1900ರಲ್ಲಿ ಬ್ರೆಮೆನ್ ನಗರದ ಸಭೆ ಸೇರಿದ. ಅದೇ ವರ್ಷ ಕಾರ್ಮಿಕರ ಸಲಹಾ ಕಚೇರಿಯ ಕಾರ್ಯದರ್ಶಿಯೂ ಆದ. 1919ರಲ್ಲಿ ಜರ್ಮನಿಯ ಅಧ್ಯಕ್ಷನಾದದ್ದು ಆಮೇಲಿನ ಮಾತು.

ಮೊದಲು ಐಜಿ ಮೆಟಾಲ್ ಎಂಬ ಕಾರ್ಮಿಕ ಸಂಘ ಸೇರು. ಚಂದಾ ಒಟ್ಟು ಸಂಬಳದ ಶೇ. 1. ಐದು ಕಾಯಂ ನೌಕರರಿದ್ದು, ಅವರಲ್ಲಿ ಮೂವರು ನಿಲ್ಲಲು ಅರ್ಹರಿದ್ದರೆ ಬೆಟ್ರೀಬ್ಸ್‌ರಾಟ್, ಅಂದರೆ ನೌಕರರ ಮಂಡಳಿ, ಆರಿಸಬಹುದು. ನಿಲ್ಲುವವರಿಗೆ 18 ವಯಸ್ಸು, 6 ತಿಂಗಳ ಸೇವೆ ಬೇಕು. ಮಂಡಳಿ ಇಲ್ಲದ ಕಡೆ ಮೂವರು ಸೇರಿ ಕರೆಪತ್ರ ಹೊರಡಿಸಿ ಅದರ ಚುನಾವಣೆಗಾಗಿ ನೌಕರರ ಸಭೆ ಕರೆಯಬಹುದು. ಎಡವುವುದು ಇಲ್ಲೇ. ಮೂವರೇ ಸಾಕೆಂದು ಮೂರೇ ಹೆಸರು ಹಾಕುತ್ತಾರೆ. ಕರೆಪತ್ರದ ಮೊದಲ ಆರು ಹೆಸರಿಗೆ ವಜಾದಿಂದ ವಿಶೇಷ ರಕ್ಷಣೆಯಿದೆ, ಆರನ್ನೂ ತುಂಬಿಸು. ಕರೆಪತ್ರ ಹೊರಬೀಳುವ ಮೊದಲೇ ಊಟದ ಹೊತ್ತಿನಲ್ಲಿ ಬಾಯಿಬಿಟ್ಟರೆ ಮಾಲೀಕನಿಗೆ ಸುಳಿವು ಸಿಕ್ಕಿರುತ್ತದೆ, ಆ ರಕ್ಷಣೆ ಇನ್ನೂ ಶುರುವಾಗಿರುವುದಿಲ್ಲ.

ಗೆದ್ದರೆ ಕಾರ್ಮಿಕ ಕಾನೂನಿನ ತರಬೇತಿಗೆ ಹೋಗು. ಮಂಡಳಿಯ ಕೆಲಸಕ್ಕೆ ಅಗತ್ಯವಾದ ತರಬೇತಿಯ ಖರ್ಚೂ ಆ ದಿನಗಳ ಸಂಬಳವೂ ಮಾಲೀಕನದೇ. ಆದರೆ ಮಂಡಳಿ ಮೊದಲು ನಿರ್ಣಯ ಮಾಡಿರಬೇಕು, ಇಲ್ಲವಾದರೆ ಬಿಲ್ಲು ನಿನ್ನ ತಲೆಗೇ ಬರಬಹುದು. ಕುಶಲಕರ್ಮಿಗಳ ಚೇಂಬರ್‌ನ ಮಹಾಸಭೆಯಲ್ಲಿ ಮೂರನೇ ಒಂದು ಪಾಲು ಗೆಸೆಲ್ಲೆಗಳು ಮತ್ತಿತರ ನೌಕರರದು. ಅದರ ಮೇಲೂ ಕಣ್ಣಿಡು.

ಪಾಲಿಕೆಗೆ ತೊಡಕು ಪಾಸ್‌ಪೋರ್ಟಿನದು. ಅಲ್ಲಿ ಐರೋಪ್ಯ ಒಕ್ಕೂಟದವರು ಮತ ಹಾಕಬಹುದು, ನಿಲ್ಲಬಹುದು. ಭಾರತದ ಪಾಸ್‌ಪೋರ್ಟಿಗೆ ಎರಡೂ ಇಲ್ಲ. ಜರ್ಮನ್ ಪೌರತ್ವಕ್ಕೆ ಸಾಮಾನ್ಯವಾಗಿ 5 ವರ್ಷದ ವಾಸ, ಬಿ1, ಅಂದರೆ ಮಧ್ಯಮ ಮಟ್ಟದ ಜರ್ಮನ್ ಭಾಷೆ, ಪೌರತ್ವ ಪರೀಕ್ಷೆಯ 33 ಪ್ರಶ್ನೆಗಳಲ್ಲಿ 17 ಸರಿಯುತ್ತರ ಬೇಕು. 2024ರಿಂದ ಜರ್ಮನಿ ಎರಡು ಪೌರತ್ವ ಒಪ್ಪುತ್ತದೆ, ಭಾರತ ಒಪ್ಪುವುದಿಲ್ಲ. ವಿದೇಶಿ ಪೌರರಾದ ಭಾರತೀಯ ಮೂಲದವರಿಗೆ ಕೊಡುವ ಒಸಿಐ ಕಾರ್ಡಿನ ಮೇಲೆ ಊರಲ್ಲಿ ಹೊಲ ಕೊಳ್ಳಲಾಗದು. ಇದನ್ನು ಅಕ್ಕನಿಗೆ ನೀನೇ ಹೇಳು.

ಅಲ್ಲಿಯವರೆಗೆ ಸುಮ್ಮನೆ ಕೂರಬೇಕಿಲ್ಲ. ಎಸ್‌ಪಿಡಿ, ಅಂದರೆ ಸೋಶಿಯಲ್ ಡೆಮಾಕ್ರಟಿಕ್ ಪಕ್ಷ, ಸೇರಲು ಪೌರತ್ವ ಬೇಡ. ಪಾಲಿಕೆಯ ಸಮಿತಿಗಳಿಗೆ ವಿಷಯ ಬಲ್ಲ ನಿವಾಸಿಗಳನ್ನೂ ತೆಗೆದುಕೊಳ್ಳುತ್ತಾರೆ. ಮತವಿಲ್ಲ, ಸಲಹೆ ಕೊಡಬಹುದು. ಮುಂದಿನ ಚುನಾವಣೆ 2030ಕ್ಕೆ. ಮೊದಲ ಸಲ ನಗರದ 12 ವಿಭಾಗಗಳಲ್ಲಿ ನಿನ್ನದರ ಸಭೆಗೆ ನಿಲ್ಲು, ದೊಡ್ಡ ಸಭೆಗಲ್ಲ. ಸದಸ್ಯತ್ವಕ್ಕೆ ಸಂಬಳವಿಲ್ಲ, ಭತ್ಯೆಯಷ್ಟೇ, ಆದ್ದರಿಂದ ಕೆಲಸ ಬಿಡಬೇಡ. ಸಭೆಗೆ ಬಿಡುವು ಕೊಡುವುದು ಮಾಲೀಕನ ಹೊಣೆ. ಕೈತಪ್ಪಿದ ಸಂಬಳಕ್ಕೆ ನಗರಾಡಳಿತಕ್ಕೆ ಅರ್ಜಿ ಹಾಕು.

ಇಂತಿ,
ನಿನ್ನ ಮಾವ