ಕೈ ಹಾಕುವ ಮುಂಚೆ ಕಣ್ಣು ಹಾಯಲಿ

ಪ್ರೀತಿಯ ಪುಟ್ಟಿಗೆ,

ಹಳೇ ಕಟ್ಟಡಗಳ ಸಂರಕ್ಷಣೆಯಲ್ಲಿ ಸರ್ಟಿಫಿಕೇಟ್ ಕೋರ್ಸ್ ಮಾಡುತ್ತೇನೆ ಅಂತ ಬರೆದಿದ್ದೀಯ. ಓದಿ ತುಂಬಾ ಖುಷಿಯಾಯಿತು. ‘ಬರೀ ಸರ್ಟಿಫಿಕೇಟ್ ತಾನೇ’ ಅಂತ ಯಾರೋ ಅಂದರಂತೆ. ಅದನ್ನು ತಲೆಗೆ ಹಚ್ಚಿಕೊಳ್ಳಬೇಡ. ಹಾಗಂತ ಆ ಕಾಗದ ಸಿಕ್ಕ ಕೂಡಲೇ ಆರ್ಕಿಟೆಕ್ಟ್ ಆಗಿಬಿಡುವುದಿಲ್ಲ ಅನ್ನೋದೂ ನೆನಪಿರಲಿ. ಚಾವಣಿ ನಿಲ್ಲುತ್ತದೋ ಬೀಳುತ್ತದೋ ಹೇಳಲು ಎಂಜಿನಿಯರ್ ಬೇಕೇ ಬೇಕು. ಆದರೆ ಕಟ್ಟಡವನ್ನು ಮುಟ್ಟುವ ಮುಂಚೆ ಸರಿಯಾಗಿ ನೋಡುವುದು, ನೋಡಿದ್ದನ್ನು ಬರೆದಿಡುವುದು ಇದೆಯಲ್ಲ, ಅದನ್ನು ಈ ಕೋರ್ಸಿನಲ್ಲೇ ಚೆನ್ನಾಗಿ ಕಲಿಯಬಹುದು.

ಸುಣ್ಣದ ಗಾರೆಯಲ್ಲಿ ಕಟ್ಟಿದ ಒಂದು ಇಟ್ಟಿಗೆ ಗೋಡೆ ತಗೋ. ಬುಡದಲ್ಲಿ ಇಟ್ಟಿಗೆಗಳ ಮುಖ ಪದರ ಪದರವಾಗಿ ಉದುರುತ್ತಿದೆ. ಸಂದಿನ ಬೂದು ಗಾರೆ ಮಾತ್ರ ಗಟ್ಟಿಯಾಗಿ ಮುಂದಕ್ಕೆ ಚಾಚಿಕೊಂಡಿದೆ. ನೋಡಿದವರು ಇಟ್ಟಿಗೆಯೇ ಕಳಪೆ ಅಂತಾರೆ. ಅಲ್ಲ, ಗಟ್ಟಿಯಾಗಲಿ ಅಂತ ಯಾರೋ ಆಮೇಲೆ ಸಂದಿಗೆ ಸಿಮೆಂಟ್ ತುಂಬಿದ್ದಾರೆ. ಮೊದಲು ಗೋಡೆಯ ತೇವ ಸುಣ್ಣದ ಸಂದಿನಿಂದ ಹೊರಬಂದು ಆರುತ್ತಿತ್ತು. ಆ ದಾರಿ ಮುಚ್ಚಿತು. ಈಗ ತೇವ ಇಟ್ಟಿಗೆಯಿಂದಲೇ ಆರಬೇಕು. ಜೊತೆಗೆ ಬಂದ ಉಪ್ಪು ಇಟ್ಟಿಗೆಯೊಳಗೆ ಹರಳುಗಟ್ಟಿ ಅದರ ಮುಖವನ್ನೇ ಸಿಡಿಸುತ್ತದೆ. ಗಾರೆ ಇಟ್ಟಿಗೆಗಿಂತ ಮೆತ್ತಗಿರಬೇಕು. ಸವೆದರೆ ಗಾರೆ ಸವೆಯಲಿ, ಅದನ್ನು ಮತ್ತೆ ತುಂಬಬಹುದು. ಹಳೇ ಇಟ್ಟಿಗೆ ಹೋದರೆ ಹೋಯಿತು.

ಗ್ರೀಸ್‌ನ ಅಥೆನ್ಸ್‌ನಲ್ಲಿರುವ ಪುರಾತನ ದೇವಾಲಯ ಪಾರ್ಥೆನಾನ್‌ನಲ್ಲೂ ಹೀಗೇ ಆಯಿತು. ಕಟ್ಟಿದವರು ಕಲ್ಲುಗಳನ್ನು ಕಬ್ಬಿಣದ ಕೊಂಡಿಯಿಂದ ಬಿಗಿದು ಸುತ್ತ ಸೀಸ ಎರೆದಿದ್ದರು. 20ನೇ ಶತಮಾನದ ಆರಂಭದಲ್ಲಿ ರಿಪೇರಿ ಮಾಡಿದವರು ಕಬ್ಬಿಣ ಹಾಕಿದರು, ಸೀಸ ಎರೆಯಲಿಲ್ಲ. ಕಬ್ಬಿಣ ತುಕ್ಕು ಹಿಡಿದು ಉಬ್ಬಿತು, ಅಮೃತಶಿಲೆ ಸೀಳಿತು. ಅಲ್ಲಿನ ಸ್ಮಾರಕಗಳನ್ನು ಉಳಿಸಲು 1975ರಲ್ಲಿ ಒಂದು ಸಮಿತಿಯೇ ಆಯಿತು. ಆಮೇಲೆ ಆ ಕಬ್ಬಿಣ ತೆಗೆದು ತುಕ್ಕು ಹಿಡಿಯದ ಟೈಟಾನಿಯಂ ಹಾಕುತ್ತಾ ಬಂದರು. ಹಿಂದಿನವರಿಗೆ ಆ ಕಟ್ಟಡದ ಮೇಲೆ ಪ್ರೀತಿ ಇರಲಿಲ್ಲ ಅಂತ ನಾನು ಒಪ್ಪುವುದಿಲ್ಲ. ಪ್ರೀತಿ ಒಂದೇ ಸಾಲಲಿಲ್ಲ, ಅಷ್ಟೆ.

ತರಗತಿಯಲ್ಲಿ 1964ರ ವೆನಿಸ್ ಚಾರ್ಟರ್, 1979ರ ಬುರ್ರಾ ಚಾರ್ಟರ್, 1994ರ ನಾರಾ ದಾಖಲೆ ಎಲ್ಲ ಬರುತ್ತವೆ. ಹಳೇ ಕಟ್ಟಡ, ತಾಣಗಳನ್ನು ಹೇಗೆ ಉಳಿಸಬೇಕು ಅಂತ ತಜ್ಞರು ಬರೆದಿಟ್ಟ ಸೂತ್ರಗಳು ಇವು. ಸುಮ್ನೆ ಬಾಯಿಪಾಠ ಮಾಡಬೇಡ. ವೆನಿಸ್ ಚಾರ್ಟರ್‌ನ 9ನೇ ವಿಧಿಯನ್ನು ಮಾತ್ರ ಗಟ್ಟಿ ಹಿಡಿದುಕೋ. ಊಹೆ ಶುರುವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕು ಅನ್ನುತ್ತದೆ ಅದು. ಅರ್ಧ ಅಳಿಸಿಹೋದ ಕೆತ್ತನೆ ಕಂಡರೆ ಪೂರ್ತಿ ಮಾಡಿಸಿಬಿಡೋಣ ಅಂತ ಯಾರಿಗೂ ಅನಿಸುತ್ತದೆ. ಹಳೇ ಫೋಟೋ, ನಕ್ಷೆ ಏನಾದರೂ ಆಧಾರ ಇದೆಯಾ ಅಂತ ಆಗ ಕೇಳಿಕೋ. ಇಲ್ಲದಿದ್ದರೆ ಹಾಗೇ ಬಿಡು. ಏನೇ ಕೆಲಸ ಮಾಡಿದರೂ ಮುಂಚೆ, ನಡುವೆ, ಆಮೇಲೆ ಫೋಟೋ ತೆಗೆದು ತಾರೀಖು ಹಾಕಿಡು.

ಕೋರ್ಸ್ ಆರಿಸುವಾಗ ಹೆಸರಿಗಿಂತ ಪಠ್ಯಕ್ರಮ ನೋಡು. ಟೇಪ್ ಹಿಡಿದು ಕಟ್ಟಡ ಅಳೆದು ನಕ್ಷೆ ಬರೆಸುತ್ತಾರಾ? ಹಳೇ ದಾಖಲೆ ಹುಡುಕಲು ಕಲಿಸುತ್ತಾರಾ? ಕೆಲಸ ಬಲ್ಲ ಗಾರೆಯವರು, ಬಡಗಿಗಳು ಬಂದು ಪಾಠ ಮಾಡುತ್ತಾರಾ? ಇದು ಯಾವುದೂ ಇಲ್ಲದೆ ಬರೀ ಸ್ಲೈಡ್ ತೋರಿಸುವ ಕಡೆಗೆ ಹೋಗಬೇಡ. ಮುಂದೆ ಡಿಗ್ರಿ ಮಾಡುವ ಆಸೆ ಇದ್ದರೆ ಈ ಕ್ರೆಡಿಟ್ ಅಲ್ಲಿ ನಡೆಯುತ್ತದಾ ಅಂತ ಮೊದಲೇ ಬರಹದಲ್ಲಿ ಕೇಳಿಕೋ.

ಇನ್ನೊಂದು ಮಾತು. ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಹಳ ಅಪಾಯ. ಕನ್ನಡಕ, ಕೈಗವಸು ಇಲ್ಲದೆ ಹತ್ತಿರ ಹೋಗಬೇಡ.

ಫೀಸ್ ಕಟ್ಟುವ ಮುಂಚೆ ಪಠ್ಯಕ್ರಮ ನನಗೆ ಕಳಿಸು. ಇಬ್ಬರೂ ಕೂತು ನೋಡೋಣ.

ನಿನ್ನ ದೊಡ್ಡಪ್ಪ