ಸೀನನಿಗೆ, ಸಕ್ಕರೆ ಡ್ರ್ಯಾಗನ್ ವಿಚಾರವಾಗಿ

ಸೀನ,

ಚೀನಾದ ಚೆಂಗ್ಡು ಬೀದಿಯಲ್ಲಿ ಸಕ್ಕರೆ ಚಿತ್ರ ಬರೆಯುವ ಅಜ್ಜನ ವಿಡಿಯೋ ಕಳಿಸಿ, ‘ಪಾಕ ಸುರಿಯೋದು ತಾನೇ, ಅದೇನು ಮಹಾ’ ಅಂದೆಯಲ್ಲ? ನಿನ್ನಿಂದ ಇನ್ನೇನು ಬಂದೀತು! ಉತ್ತರ ನಾಲ್ಕು ಜನರ ಎದುರೇ ಕೊಡ್ತೀನಿ, ತಡಕೋ.

ಆ ಕಲೆಯ ಹೆಸರು ಥಾಂಗ್‌ಹ್ವಾ: ಬಿಸಿ ಸಕ್ಕರೆ ಪಾಕವನ್ನ ಕಲ್ಲಿನ ಮೇಲೆ ಗೆರೆಯಾಗಿ ಸುರಿದು ಚಿತ್ರ ಬರೆದು, ಕಡ್ಡಿ ಅಂಟಿಸಿ ತಿನ್ನೋಕೆ ಕೊಡೋದು. ಒಂದು ಅಮೃತಶಿಲೆಯ ಹಲಗೆ, ತಾಮ್ರದ ಸೌಟು, ತೆಳು ಅಲಗು, ಬಿದಿರುಕಡ್ಡಿ: ಅಂಗಡಿ ಅಂದರೆ ಇಷ್ಟೇ. ಪಕ್ಕದಲ್ಲಿ ಮುಳ್ಳು ತಿರುಗಿಸುವ ಚಕ್ರ, ಮುಳ್ಳು ನಿಂತ ಚಿತ್ರವನ್ನೇ ಅಜ್ಜ ಬರೆದುಕೊಡಬೇಕು. ಅದು ದೊಡ್ಡ ಡ್ರ್ಯಾಗನ್ ಮೇಲೆ ನಿಂತರೆ ಮಗುವಿಗೆ ಹಬ್ಬ, ಅಜ್ಜನಿಗೆ ನಷ್ಟ.

ಪಾಕ ನಮ್ಮ ಸಂಕ್ರಾಂತಿಯ ಸಕ್ಕರೆ ಅಚ್ಚಿಗೆ ಪೂರ್ತಿ ಉಲ್ಟಾ. ನಾವು ತಿರುವಿ ತಿರುವಿ, ಸಕ್ಕರೆ ಹರಳುಗಟ್ಟಿ ಬೆಳ್ಳಗಾಗುವ ಹೊತ್ತಿಗೆ ನೆನೆಸಿದ ಮರದಚ್ಚಿಗೆ ಹುಯ್ತೀವಿ. ಅಲ್ಲಿ ಹರಳೇ ಶತ್ರು. ಸಕ್ಕರೆ ಕರಗಿದ ಮೇಲೆ ಸೌಟು ಆಡಿಸುವ ಹಾಗಿಲ್ಲ. ಪಾತ್ರೆಯ ಅಂಚಿನಿಂದ ಒಂದು ಕಾಳು ಬಿದ್ದರೂ ಇಡೀ ಪಾಕ ಮರಳಾಗಬಹುದು. ಅದಕ್ಕೇ ಮೊಳಕೆ ಧಾನ್ಯದಿಂದ ತೆಗೆದ ಮಾಲ್ಟೋಸ್ ಅನ್ನೋ ಸಕ್ಕರೆ ಸ್ವಲ್ಪ ಬೆರೆಸ್ತಾರೆ, ಹರಳು ಕಟ್ಟದಿರಲಿ ಅಂತ. ಜಾಸ್ತಿಯಾದರೆ ಚಿತ್ರ ಬೇಗ ಅಂಟಂಟು. ಸಣ್ಣ ಉರಿಯಲ್ಲಿ ಸುಮಾರು 150 ಡಿಗ್ರಿ ಸೆಲ್ಸಿಯಸ್ ತನಕ ಕಾಯಿಸಬೇಕು. ಕಡಿಮೆಯಾದರೆ ಗಟ್ಟಿಯಾಗದೆ ಬಾಗುತ್ತೆ, ಹೆಚ್ಚಾದರೆ ಕಪ್ಪಾಗಿ ಕಹಿ.

ಹಲಗೆಗೆ ಎಣ್ಣೆ ಸವರಿದ್ದು ಕಣ್ಣಿಗೆ ಕಾಣಬಾರದು. ಜಾಸ್ತಿಯಾದರೆ ಗೆರೆ ಜಾರುತ್ತೆ, ಇಲ್ಲದಿದ್ದರೆ ಎಬ್ಬಿಸುವಾಗ ಮುರಿಯುತ್ತೆ. ಇನ್ನು ಕೈ: ಬೇಗ ಓಡಿದರೆ ಎಳೆ ಸಣ್ಣ, ನಿಂತರೆ ದಪ್ಪ. ಕಲ್ಲಿಗೆ ತಾಕಿದ ಪಾಕ ಕ್ಷಣದಲ್ಲಿ ಬಿಗಿಯುವುದರಿಂದ ಅಳಿಸಿ ತಿದ್ದುವ ಮಾತೇ ಇಲ್ಲ. ಕಡ್ಡಿ ಚಿತ್ರದ ದಪ್ಪ ಭಾಗದ ಮೇಲೇ ಕೂರಬೇಕು, ಮೇಲೊಂದು ಹನಿ ಬಿಸಿ ಪಾಕ. ಎಳೆ ಮೇಲೆ ಕೂತರೆ ಎತ್ತಿದ ಕೂಡಲೇ ಡ್ರ್ಯಾಗನ್ ಎರಡು ತುಂಡು. ಮಳೆಗಾಲದ ತೇವಕ್ಕೆ ಸಕ್ಕರೆ ನೀರು ಹೀರುತ್ತೆ. ಚೆಂಗ್ಡು ಮೊದಲೇ ತೇವದ ಊರು.

2008ರಲ್ಲಿ ಚೆಂಗ್ಡುವಿನ ಈ ಕಲೆ ಚೀನಾದ ರಾಷ್ಟ್ರೀಯ ಪರಂಪರೆಯ ಪಟ್ಟಿ ಸೇರಿತು. ಒಳ್ಳೇದೇ. ಆದರೆ ಪಟ್ಟಿ ಕೈಗೆ ಸೌಟು ಹಿಡಿಸಲ್ಲ. ಅಜ್ಜನ ಹಳೇ ಕೆಲಸ ನೋಡಿ ಕಲಿಯೋಣ ಅಂದರೆ ಅದೆಲ್ಲ ಯಾವ್ಯಾವುದೋ ಮಕ್ಕಳ ಹೊಟ್ಟೆ ಸೇರಿದೆ. ಶಿಷ್ಯ ಪಕ್ಕದಲ್ಲೇ ಕೂತು ಮಣಿಕಟ್ಟು ನೋಡಬೇಕು, ಸಾವಿರಾರು ಸಲ ಸುರಿದು ಕೆಡಿಸಬೇಕು. ಕೆಟ್ಟದ್ದನ್ನು ಮತ್ತೆ ಕರಗಿಸಬಹುದು ಅನ್ನೋದೊಂದೇ ಸಮಾಧಾನ. ಅದೂ ಎಷ್ಟು ಸಲ? ಕಾದಷ್ಟೂ ಬಣ್ಣ ಏರುತ್ತೆ.

ಇದನ್ನೆಲ್ಲ ಬರೀತಾ ಒಂದು ಮುಜುಗರ ಶುರುವಾಗಿದೆ. ಅಜ್ಜನಿಗೆ ಶಿಷ್ಯ ಸಿಗಲಿ ಅಂತ ನಾವೆಲ್ಲ ಕೈಮುಗೀತೀವಿ. ಆ ಶಿಷ್ಯ ಯಾರ ಮನೆಯವನು? ನನ್ನ ಮಗ ಓದು ಬಿಟ್ಟು ಬೀದಿಯಲ್ಲಿ ಕಲ್ಲು ಹಾಕ್ಕೊಂಡು ಕೂರ್ತೀನಿ ಅಂದರೆ ನಾನು ಬಿಡಲ್ಲ ಕಣೋ. ಹೂಂ ಅನ್ನೋ ಧೈರ್ಯ ನನಗಿಲ್ಲ. ಕಲೆ ಉಳೀಬೇಕು, ಬೇರೆಯವರ ಮಕ್ಕಳ ಕೈಲಿ. ಇಷ್ಟು ಬರೆಯೋ ಯೋಚನೆ ಇರಲಿಲ್ಲ.

ಹೋಗಲಿ ಬಿಡು. ಇದನ್ನೋದಿ ನೀನು ಅಡುಗೆಮನೆಗೆ ನುಗ್ತೀಯ ಅಂತ ಗೊತ್ತು. ಮೊದಲೇ ಡ್ರ್ಯಾಗನ್‌ಗೆ ಕೈ ಹಾಕಬೇಡ, ಮೀನು ಬರಿ. ಪಕ್ಕದಲ್ಲಿ ಬಕೆಟ್ ತುಂಬ ತಣ್ಣೀರಿರಲಿ, ಆ ಪಾಕ ಚರ್ಮಕ್ಕೆ ಅಂಟಿಕೊಂಡೇ ಸುಡುತ್ತೆ. ಬಂದ ಮೀನನ್ನ ಇಲ್ಲಿ ಹಾಕು. ಹಾವಿನ ಥರ ಬಂದರೂ ಡ್ರ್ಯಾಗನ್ ಅಂತ ಹೇಳಿ ಹಾಕು, ಲೈಕ್ ಒತ್ತೋದು ನನ್ನ ಜವಾಬ್ದಾರಿ.

ನಿನ್ನ,
ಗೆಳೆಯ