ಕೆಂಪು ಮೇಪಲ್ ಮತ್ತು ಅವಸರದ ಕತ್ತರಿ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ನೀನು ಬೋನ್ಸಾಯ್ ಮಾಡಲು, ಅಂದರೆ ಕುಂಡದಲ್ಲೇ ಪುಟ್ಟ ಮರವಾಗಿ ಬೆಳೆಸಲು, ಹೊರಟಿರುವ ಕೆಂಪು ಮೇಪಲ್ ಸಸಿಯ ಎಲೆಗಳು ಅಂಗೈಯಗಲ ಬಂದಿವೆ, ಅವನ್ನೆಲ್ಲ ಕಿತ್ತುಹಾಕಿದರೆ ಚಿಕ್ಕ ಎಲೆ ಬರುತ್ತದೆಯೇ ಎಂದು ಕೇಳಿದ್ದೀಯ. ಬರುತ್ತದೆ. ಆದರೆ ಈಗ ಕೀಳಬೇಡ. ಪೆನ್ಸಿಲ್ ದಪ್ಪದ ಕಾಂಡವಿರುವ ಗಿಡಕ್ಕೆ ಸದ್ಯಕ್ಕೆ ಬೇಕಾಗಿರುವುದು ಆ ದೊಡ್ಡ ಎಲೆಗಳೇ. ಅವು ತಯಾರಿಸುವ ಆಹಾರದಿಂದಲೇ ಕಾಂಡ ದಪ್ಪವಾಗಬೇಕು, ಬೇರು ಹರಡಬೇಕು. ಈಗ ಎಲೆ ಕಿತ್ತರೆ ಹತ್ತು ವರ್ಷವಾದರೂ ನಿನ್ನ ಕುಂಡದಲ್ಲಿ ಮರ ಕಾಣಿಸುವುದಿಲ್ಲ, ಬಡಕಲು ಕಡ್ಡಿಯೊಂದು ನಿಂತಿರುತ್ತದೆ.

ಈ ಮರದ ಸ್ವಭಾವ ಮೊದಲು ತಿಳಿದುಕೋ. ಇದು ಉತ್ತರ ಅಮೆರಿಕದ ಪೂರ್ವಭಾಗದ ಕಾಡುಮರ. ಕೆನಡಾದಿಂದ ಫ್ಲಾರಿಡಾದವರೆಗೂ, ಜೌಗು ನೆಲದಲ್ಲೂ ಒಣ ಗುಡ್ಡದಲ್ಲೂ ಬೆಳೆಯುತ್ತದೆ. ನೆಲದಲ್ಲಿ ಬಿಟ್ಟರೆ 20 ಮೀಟರ್ ದಾಟುತ್ತದೆ. ಬೋನ್ಸಾಯ್ ಚಿತ್ರಗಳಲ್ಲಿ ನೀನು ನೋಡಿ ಮೆಚ್ಚುವ ಜಪಾನಿ ಮೇಪಲ್ ಬೇರೆ ಜಾತಿ. ಅದರ ಎಲೆ ಹುಟ್ಟಾ ಚಿಕ್ಕದು, ಗಿಣ್ಣುಗಳ ನಡುವಿನ ಅಂತರವೂ ಕಡಿಮೆ. ಕೆಂಪು ಮೇಪಲ್‌ನದು ಅಗಲವಾದ ಎಲೆ, ಉದ್ದನೆಯ ತೊಟ್ಟು, ದೂರದೂರದ ಗಿಣ್ಣು. ಹಾಗಾಗಿ ಬೊಗಸೆಯಲ್ಲಿ ಹಿಡಿಯುವ ಮರವನ್ನು ಇದರಿಂದ ಮಾಡಲು ಹೊರಡಬೇಡ. ಅರ್ಧ ಮೀಟರ್‌ಗಿಂತ ಎತ್ತರದ, ದಪ್ಪ ಬುಡದ ಮರವೊಂದನ್ನು ಮನಸ್ಸಿನಲ್ಲಿಟ್ಟುಕೋ. ಆ ಗಾತ್ರಕ್ಕೆ ಎಲೆಯೂ ಹೊಂದಿಕೊಳ್ಳುತ್ತದೆ.

ಇಷ್ಟು ಕಷ್ಟ ಯಾಕೆ, ಜಪಾನಿ ಮೇಪಲ್ಲನ್ನೇ ತರಬಹುದಿತ್ತಲ್ಲ ಎಂದು ಯಾರಾದರೂ ನಿನಗೆ ಹೇಳಿಯೇ ಹೇಳುತ್ತಾರೆ. ನಾನು ಹಾಗೆ ಹೇಳುವವನಲ್ಲ. ಚಳಿಗಾಲ ಮುಗಿಯುವ ಹೊತ್ತಿಗೆ, ಒಂದೇ ಒಂದು ಎಲೆಯೂ ಬಿಚ್ಚುವ ಮೊದಲು, ಬಲಿತ ಮರದ ಬರಿಗೊಂಬೆಗಳಲ್ಲಿ ಗುಂಪುಗುಂಪಾಗಿ ಪುಟ್ಟ ಕೆಂಪು ಹೂಗಳು ಬರುತ್ತವೆ. ಹತ್ತಿರ ಹೋಗಿ ನೋಡಿದರೆ ಗಂಡು ಹೂವಿನಿಂದ ಸಣ್ಣ ಎಳೆಗಳು ಹೊರಚಾಚಿರುತ್ತವೆ, ಪ್ರತಿ ಎಳೆಯ ತುದಿಯಲ್ಲೂ ಪರಾಗದ ಚುಕ್ಕೆ. ಬೇಸಿಗೆಯಲ್ಲಿ ಎಲೆಯ ತೊಟ್ಟು ಕೆಂಪು, ಎಲೆ ಮಗುಚಿದರೆ ಅಡಿಭಾಗ ಬೆಳ್ಳಿಬಿಳುಪು. ಎಲೆ ಉದುರುವ ಕಾಲದ ಬಣ್ಣ ಮಾತ್ರ ಗಿಡದಿಂದ ಗಿಡಕ್ಕೆ ಬೇರೆ. ಬೀಜದಿಂದ ಎದ್ದ ಕೆಲವು ಗಿಡಗಳು ಹಳದಿಯಲ್ಲೇ ನಿಲ್ಲುತ್ತವೆ. ನಿನ್ನದು ಯಾವುದೆಂದು ಈ ವರ್ಷವೇ ಗೊತ್ತಾಗುತ್ತದೆ. ಹಳದಿಯಾದರೂ ಬಿಡಬೇಡ, ಅದೂ ಚೆಂದವೇ.

ಈಗ ಕಾಂಡದ ವಿಷಯ. ನನ್ನ ಮಟ್ಟಿಗೆ ಇದರಲ್ಲೇ ಅರ್ಧಕ್ಕಿಂತ ಹೆಚ್ಚು ಕೆಲಸವಿದೆ. ತಟ್ಟೆಯಂಥ ಬೋನ್ಸಾಯ್ ಕುಂಡದ ಆಸೆ ಸದ್ಯಕ್ಕೆ ಬಿಡು. ಗಿಡವನ್ನು ನೆಲಕ್ಕೆ ಇಳಿಸು, ಆಗದಿದ್ದರೆ ಅಗಲವಾದ ದೊಡ್ಡ ಕುಂಡದಲ್ಲಿ ನೆಡು. ನೆಡುವಾಗ ಕೆಳಕ್ಕೆ ಇಳಿಯುವ ತಾಯಿಬೇರನ್ನು ಮೊಟಕುಗೊಳಿಸಿ, ಉಳಿದ ಬೇರುಗಳನ್ನು ಒಂದು ಹಲಗೆ ಅಥವಾ ಹೆಂಚಿನ ಮೇಲೆ ಸುತ್ತಲೂ ಹರಡಿ ಮಣ್ಣು ಮುಚ್ಚು. ಬೇರು ಕೆಳಗೆ ಹೋಗಲಾರದೆ ಪಕ್ಕಕ್ಕೆ ಸಾಗುತ್ತದೆ, ಬುಡ ಅಗಲವಾಗುತ್ತದೆ. ಆಮೇಲೆ ಗಿಡ ಎಷ್ಟು ಎತ್ತರಕ್ಕೆ ಹೋಗುತ್ತದೋ ಹೋಗಲಿ. ಬುಡದ ಹತ್ತಿರ ಒಂದು ಕೊಂಬೆಯನ್ನು ಸವರದೆ ಹಾಗೇ ಉಳಿಸು. ಬುಡವನ್ನು ದಪ್ಪ ಮಾಡಿಕೊಡುವುದಷ್ಟೇ ಅದರ ಕೆಲಸ, ಮುಂದೊಂದು ದಿನ ಅದನ್ನು ತೆಗೆದುಹಾಕುತ್ತೇವೆ.

ಬುಡ ಬೇಕಾದಷ್ಟು ದಪ್ಪವಾದ ಮೇಲೆ ಕಾಂಡವನ್ನು ತಗ್ಗಿನಲ್ಲಿ ಕತ್ತರಿಸಬೇಕು. ಇಲ್ಲಿ ಕೆಂಪು ಮೇಪಲ್‌ಗೆ ಒಂದು ಕೆಟ್ಟ ಗುಣವಿದೆ. ಕತ್ತರಿಸಿದ ಜಾಗದಿಂದ ಕೆಳಗಿನ ಗಿಣ್ಣಿನವರೆಗೆ ಕಾಂಡ ಒಣಗುತ್ತಾ ಬರುತ್ತದೆ. ಗಿಣ್ಣಿಗೆ ಒತ್ತಿಕೊಂಡೇ ಕತ್ತರಿಸಿದರೆ ಒಣಗುವಿಕೆ ಆ ಗಿಣ್ಣನ್ನೂ ದಾಟಿ ಇಳಿದು, ನೀನು ನಂಬಿಕೊಂಡಿದ್ದ ಮೊಗ್ಗೇ ಸತ್ತುಹೋಗಬಹುದು. ಕಾಂಡವನ್ನು ಬೆರಳಿನಿಂದ ಸವರಿ ನೋಡು, ಹಳೆಯ ಗಿಣ್ಣುಗಳ ಜಾಗದಲ್ಲಿ ಸಣ್ಣ ಉಂಗುರದ ಗುರುತು ಸಿಗುತ್ತದೆ. ಹೊಸ ಚಿಗುರು ಹೆಚ್ಚಾಗಿ ಅಲ್ಲಿಂದಲೇ ಹೊರಡುತ್ತದೆ. ಆ ಗುರುತಿನಿಂದ ಎರಡು ಮೂರು ಸೆಂಟಿಮೀಟರ್ ಮೇಲೆ ಕತ್ತರಿಸಿ ಮೋಟು ಬಿಡು. ಮೋಟು ಒಣಗಿ, ಕೆಳಗಿನ ಚಿಗುರು ಗಟ್ಟಿಯಾದ ಮೇಲೆ ಅದನ್ನು ನಯವಾಗಿ ತೆಗೆದು ಗಾಯಕ್ಕೆ ಮುಲಾಮು ಹಚ್ಚಿದರಾಯಿತು. ಚಳಿಗಾಲದ ಕೊನೆಯಲ್ಲಿ ಮಾತ್ರ ಕತ್ತರಿ ಹಿಡಿಯಬೇಡ, ಆಗ ಗಾಯದಿಂದ ರಸ ಸುರಿಯುತ್ತಲೇ ಇರುತ್ತದೆ. ವಸಂತದ ಎಲೆ ಬಿಚ್ಚಿ ಬಲಿಯುವವರೆಗೆ ಕಾಯಬೇಕು.

ಕತ್ತರಿಸಿದ ಮೇಲ್ಭಾಗವನ್ನು ಎಸೆಯಲು ಮನಸ್ಸು ಬಾರದಿದ್ದರೆ ಮೊದಲೇ ಅದಕ್ಕೆ ಗೂಟಿ ಕಟ್ಟು, ಅಂದರೆ ಗಿಡದಲ್ಲಿರುವಾಗಲೇ ತೊಗಟೆ ಸುಲಿದು ಒದ್ದೆ ಪಾಚಿ ಸುತ್ತಿ ಅಲ್ಲಿ ಬೇರು ಬರಿಸು. ಈ ಮರ ಗೂಟಿಗೆ ಚೆನ್ನಾಗಿ ಬೇರು ಬಿಡುತ್ತದೆ.

ಮೇಪಲ್‌ನಲ್ಲಿ ಕೊಂಬೆಗಳು ಎದುರುಬದುರಾಗಿ ಜೋಡಿಯಾಗಿ ಬರುತ್ತವೆ. ಎರಡನ್ನೂ ಉಳಿಸಿದರೆ ಆ ಜಾಗ ಗಂಟುಕಟ್ಟಿಕೊಂಡು ಮೇಲೆ ದಪ್ಪ, ಕೆಳಗೆ ಸಣ್ಣ ಎಂಬ ವಿಕಾರ ಬರುತ್ತದೆ. ಒಂದನ್ನು ಎಳೆಯದಾಗಿರುವಾಗಲೇ ತೆಗೆ. ಕೊಂಬೆಯನ್ನು ಬೇಕಾದ ಕಡೆಗೆ ಬಗ್ಗಿಸುವ ತಂತಿಯನ್ನು ಅದೇ ವರ್ಷದ ಚಿಗುರಿಗೆ ಸುತ್ತು, ಬಲಿತ ಕೊಂಬೆ ಬಗ್ಗುವುದಿಲ್ಲ. ಇದರ ಎಳೆ ತೊಗಟೆ ಬಲು ಮೃದು, ಬೆಳವಣಿಗೆಯ ದಿನಗಳಲ್ಲಿ ವಾರಕ್ಕೊಮ್ಮೆಯಾದರೂ ತಂತಿಯನ್ನು ನೋಡುತ್ತಿರು. ಒಮ್ಮೆ ಒತ್ತಿದ ಗುರುತು ವರ್ಷಗಟ್ಟಲೆ ಉಳಿಯುತ್ತದೆ.

ಕೊಂಬೆಗಳು ಕವಲೊಡೆದ ಮೇಲೆಯೇ ನಿನ್ನ ಎಲೆಯ ಸರದಿ. ವಸಂತದಲ್ಲಿ ಮೊಗ್ಗು ಬಿಚ್ಚಿ ಮೊದಲ ಜೋಡಿ ಎಲೆ ಮಡಿಕೆ ಬಿಡಿಸುವಾಗ ಅವುಗಳ ನಡುವೆ ಕಾಳಿನಷ್ಟು ಚಿಕ್ಕ ಕುಡಿ ಕಾಣುತ್ತದೆ. ಅದನ್ನು ಚಿಮುಟದಿಂದ ಚಿವುಟು. ಒಂದು ದಿನ ತಡವಾದರೆ ಗಿಣ್ಣಿನ ಅಂತರ ಉದ್ದವಾಗಿಬಿಡುತ್ತದೆ. ಬೇಸಿಗೆಯ ಆರಂಭದಲ್ಲಿ ಜೋಡಿಯಲ್ಲಿ ದೊಡ್ಡ ಎಲೆಯನ್ನು ತೊಟ್ಟು ಉಳಿಸಿ ಕತ್ತರಿಸು. ತೊಟ್ಟು ತಾನೇ ಉದುರಿ, ಬುಡದ ಮೊಗ್ಗಿನಿಂದ ಚಿಕ್ಕ ಎಲೆ ಬರುತ್ತದೆ. ಕುಂಡ ಬದಲಿಸಿದ ವರ್ಷವಾಗಲಿ, ಗಿಡ ಸೊರಗಿದ್ದಾಗಲಾಗಲಿ ಇದನ್ನು ಮಾಡಕೂಡದು.

ಜೌಗಿನಲ್ಲಿ ಬೆಳೆಯುವ ಮರವೆಂದು ಕುಂಡದಲ್ಲಿ ನೀರು ನಿಲ್ಲಿಸಬೇಡ, ಮಣ್ಣು ಬಸಿಯುವಂತಿರಲಿ, ಒಣಗಲೂ ಬಾರದು. ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಮಣ್ಣಿನಲ್ಲಿ ಸುಣ್ಣದಂಶ ಹೆಚ್ಚಾಗಿ ಗಿಡಕ್ಕೆ ಮ್ಯಾಂಗನೀಸ್ ಸಿಗುತ್ತಿಲ್ಲವೆಂದು ಅನುಮಾನಿಸು. ಚಳಿಗಾಲದಲ್ಲಿ ಮನೆಯೊಳಗೆ ತರಬೇಡ, ಅದಕ್ಕೆ ಚಳಿಯ ನಿದ್ದೆ ಬೇಕೇ ಬೇಕು. ಕಡು ಹಿಮದಲ್ಲಿ ಕುಂಡದ ಬೇರಿಗೆ ಮಾತ್ರ ಹೊದಿಕೆ ಕೊಡು, ಕುಂಡದ ಬೇರು ನೆಲದ ಬೇರಿನಷ್ಟು ಚಳಿ ತಾಳುವುದಿಲ್ಲ.

ಮುಂದಿನ ವಸಂತದಲ್ಲಿ ಮೊಗ್ಗು ಉಬ್ಬತೊಡಗಿದಾಗ, ಬಿಚ್ಚುವ ಮೊದಲು, ಗಿಡವನ್ನು ಕುಂಡದಿಂದ ತೆಗೆದು ಬುಡದ ಮಣ್ಣು ತೊಳೆ. ನಾಲ್ಕೂ ಕಡೆಯಿಂದ ಬೇರಿನ ಚಿತ್ರ ತೆಗೆದು ನನಗೆ ಕಳುಹಿಸು. ಬೇರು ಹಸಿಯಾಗಿಯೇ ಇರುವಂತೆ ಒದ್ದೆ ಬಟ್ಟೆ ಸುತ್ತಿಡು, ನಾನು ತಕ್ಷಣ ಉತ್ತರಿಸುತ್ತೇನೆ. ಯಾವ ಬೇರು ಉಳಿಸಬೇಕು, ಯಾವುದನ್ನು ತೆಗೆಯಬೇಕು ಎಂದು ಇಬ್ಬರೂ ಸೇರಿ ನೋಡೋಣ.

ಇಂತಿ,
ನಿನ್ನ ಅಪ್ಪ